ಮೆಟ್ಟಿಲು ಹೇಳುವವನು

ಮೂವತ್ತನಾಲ್ಕು ವರ್ಷ ಒಸ್ಟ್ರಾವಾದಲ್ಲಿ ಟ್ರಾಮ್ ಓಡಿಸಿದೆ,
ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಯವರೆಗೆ.
ಮುದ್ರಿತ ಹೆಣ್ಣುದನಿ ಬರುವ ಮೊದಲು
ನಿಲ್ದಾಣಗಳ ಹೆಸರು ಕೂಗುತ್ತಿದ್ದದ್ದು ಈ ಗಂಟಲೇ.
ಗುರುತಿಲ್ಲದವರಿಗೆಲ್ಲ ಎಲ್ಲಿ ಇಳಿಯಬೇಕೆಂದು ಹೇಳಿದವನು
ಮನೆಯಲ್ಲಿ ಒಂದು ಮುಚ್ಚಿದ ಬಾಗಿಲ ಮುಂದೆ
ತಟ್ಟೆ ಇಟ್ಟು ಬರುತ್ತಿದ್ದೆ, ಮಾತಿಲ್ಲದೆ.

ಒಳಗೆ ಕ್ರಿಶ್ಟೋಫ್.
ಶಾಲೆಯಲ್ಲಿ ತೊದಲಿದ್ದಕ್ಕೆ ಒಂದು, ಚೆಂಡು ಹಿಡಿಯದ್ದಕ್ಕೆ ಒಂದು,
ಹುಡುಗನೊಬ್ಬನಿಗೆ ಚೀಟಿ ಬರೆದದ್ದಕ್ಕೆ ಒಂದು.
ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ,
ಆ ಕಲ್ಲುಗಳಲ್ಲಿ ಒಂದೆರಡು ನನ್ನವೂ ಇದ್ದವು.
ನುಣ್ಣಗಿದ್ದವು, ಅಷ್ಟೇ. ತಂದೆಯ ಕಲ್ಲುಗಳು.

ಲುಡ್ಮಿಲಾಳನ್ನು ಸುಡುವ ದಿನ
ಎಂಟು ಜನ ಅಪರಿಚಿತರು ಬಂದರು. ಕಪ್ಪು ಕೋಟು, ಒದ್ದೆ ಬೂಟು.
ಬ್ರಾಟಿಸ್ಲಾವಾದ ಹಲ್ಲಿನ ಡಾಕ್ಟರು, ಕಟೋವಿತ್ಸೆಯ ಲಾರಿ ಓಡಿಸುವವಳು,
ಡ್ರೆಸ್ಡನ್ನಿನ ಒಬ್ಬ ಹುಡುಗ, ಮೀಸೆಯೂ ಸರಿಯಾಗಿ ಮೂಡದವನು,
ಹೂವಿನ ಬದಲು ಆಲೂಗಡ್ಡೆ ಸಲಾಡಿನ ಡಬ್ಬಿ ತಂದಿದ್ದ.
ನನಗೆ ಗೊತ್ತಿಲ್ಲದ ಹೆಸರಿನಿಂದ ನನ್ನ ಮಗನನ್ನು ಕರೆದರು.
ಅವನು ತಿರುಗಿದ.
ಕ್ರಿಶ್ಟೋಫ್ ಅಂದರೆ ಅಷ್ಟು ಬೇಗ ಯಾವತ್ತೂ ತಿರುಗಿದವನಲ್ಲ.
ಲಾರಿಯವಳ ಬೀಗದಕೈ ಗೊಂಚಲಲ್ಲಿ ಪುಟ್ಟದೊಂದು ಬಾಲ ತೂಗುತ್ತಿತ್ತು.
ಯಾಕೆಂದು ಕೇಳಲಿಲ್ಲ. ನೋಡಿದೆ:
ಆಳಿಗೊಂದು ತೋಳು ಕೊಟ್ಟು ಸುತ್ತ ನಿಂತಿದ್ದರು,
ನಡುವೆ ಅವನು, ಬೀಳದೆ.

ಆ ಚಳಿಗಾಲ ಅವಳ ಹೊಲಿಗೆ ಯಂತ್ರ
ರಾತ್ರಿ ಎರಡಕ್ಕೆ ಮತ್ತೆ ಓಡತೊಡಗಿತು.
ಸಾರಿನಲ್ಲಿ ನೀಲಿ ರೋಮ. ಶೇವಿಂಗ್ ಬ್ರಷ್ಷಿನಲ್ಲಿ ನೀಲಿ ರೋಮ.
ಒಂದು ಬೆಳಿಗ್ಗೆ ಬ್ರೆಡ್ಡಿನ ಪಕ್ಕ
ಸ್ಪಂಜಿನಲ್ಲಿ ಕೊರೆದ ದವಡೆ.
ಇಪ್ಪತ್ತೊಂಬತ್ತರ ಗಂಡಸು ಬಾಲ ಹೊಲಿಯುತ್ತಾನೆ!
ಯಾರ ಹತ್ತಿರ ಹೇಳಿಕೊಳ್ಳಲಿ?
"ಏನಿದು?" ಅಂದೆ.
"ತೋ... ತೋ..."
"ತೋಳ" ಅಂದೆ ನಾನೇ, ಅವನ ಬಾಯಿಂದ ಕಿತ್ತುಕೊಂಡು.

ಮೇ ತಿಂಗಳು, ಒಲೊಮೌತ್ಸ್‌ನಲ್ಲಿ ಅವರ ಕೂಟ, ಒಂದು ದೊಡ್ಡ ಹೋಟೆಲು.
ಜೊತೆಗೆ ನಡೆಯಬೇಕಿದ್ದ ಗೆಳೆಯನಿಗೆ ಜ್ವರ.
"ಅಪ್ಪ, ಒಳಗಿಂದ ಕಾ... ಕಾಣೋದು ಇಷ್ಟೇ,"
ಎರಡು ಬೆರಳ ಸಂದಿ ತೋರಿಸಿದ. "ಮೆಟ್ಟಿಲು ಕಾಣಲ್ಲ."
ತಲೆ ಹಾಕಿಕೊಂಡ. ಒಳಗೆಲ್ಲೋ ಪುಟ್ಟ ಫ್ಯಾನು ಗುಂಯ್ ಅಂದಿತು.
ಪಂಜ ಚಾಚಿದ.
ಅವನಿಗೆ ಏಳಿದ್ದಾಗ ಬಿಟ್ಟಿದ್ದ ಕೈ.
ಈಗ ನಾಲ್ಕೇ ಬೆರಳು, ದಿಂಬಿನಂಥವು.

ಮೂರು ಮೆಟ್ಟಿಲು, ಅಂದೆ. ಕೆಳಕ್ಕೆ.
ಎಡಕ್ಕೆ ತಿರುವು. ಗಾಜಿನ ಬಾಗಿಲು, ತಲೆ ಬಗ್ಗಿಸು.
ಬಲಗಡೆ ಒಂದು ಮಗು, ನಿನ್ನ ಮೊಣಕಾಲೆತ್ತರ,
ಕಿವಿ ಮುಟ್ಟಬೇಕಂತೆ.
ತೋಳ ಮಂಡಿಯೂರಿತು.
ನನ್ನ ಗಂಟಲು ಹಳೆಯ ಹಳಿಗೆ ಬಂದು ಕೂತಿತು.
ನರಿ ಬಂತು, ಕತ್ತೆಕಿರುಬ ಬಂತು, ಡ್ರ್ಯಾಗನ್ನು, ದಪ್ಪ ಕಾಗೆಯೊಂದು,
ತೋಳಗಳಿಗಂತೂ ಲೆಕ್ಕವಿಲ್ಲ,
ಆದರೆ ನೀಲಿ ನಮ್ಮದೊಂದೇ.
ಸಂಗೀತ ಶುರುವಾಯಿತು. ಕುಣಿದ.
ಮೈಯಲ್ಲಿ ಎಲ್ಲೂ ತೊದಲಿರಲಿಲ್ಲ.

ಹಿಂದಿನ ಕೋಣೆಯಲ್ಲಿ ತಲೆ ತೆಗೆದ.
ಹಣೆಗೆ ಅಂಟಿದ ಕೂದಲು, ಕೆಂಪು ಕಿವಿ, ಒಂದೇ ಗುಟುಕಿಗೆ ಒಂದು ಬಾಟಲಿ ನೀರು.
ಸುತ್ತ ಕುತ್ತಿಗೆಯವರೆಗೆ ಪ್ರಾಣಿಗಳು, ಮೇಲೆ ಬೆವರಿದ ಮನುಷ್ಯರು.
ಅವನು ಏನೋ ಹೇಳತೊಡಗಿದ.
ಮೊದಲ ಪದವೇ ಸಿಕ್ಕಿಕೊಂಡಿತು.
ಯಾರೂ ಮುಗಿಸಿಕೊಡಲಿಲ್ಲ.
ಹಲ್ಲಿನ ಡಾಕ್ಟರು ಪಂಜದಿಂದ ಬಿಸ್ಕತ್ತು ಎತ್ತಲು ಹೆಣಗುತ್ತ ಕಾದ.
ಲಾರಿಯವಳು ಕಾದಳು.
ನಾನೂ ನಾಲಿಗೆ ಕಚ್ಚಿಕೊಂಡು ಕಾದೆ.
ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿ
ಅವನ ವಾಕ್ಯ ಎಲ್ಲಿ ಇಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ.
ಒಳ್ಳೆಯ ಜೋಕಾಗಿತ್ತು ಅದು.

ಈಗಲೂ ತೊದಲುತ್ತಾನೆ. ಈಗಲೂ ಪಾರ್ಸೆಲ್ ಗೋದಾಮಿನ ರಾತ್ರಿಪಾಳಿ.
ನಡುರಾತ್ರಿ ಡ್ರೆಸ್ಡನ್ನಿನ ಹುಡುಗ ಅಳುತ್ತ ಫೋನು ಮಾಡಿದರೆ
ಗೋಡೆಯಾಚೆ ಗಂಟೆಗಟ್ಟಲೆ ನನ್ನ ಮಗನ ದನಿ,
ತಡವರಿಸಿ, ನಿಂತು, ಮತ್ತೆ ಹೊರಟು,
ಯಾರನ್ನೋ ಮೆಟ್ಟಿಲು ಇಳಿಸುತ್ತಿರುತ್ತದೆ.

ಭಾನುವಾರ ಬಾಲ್ಕನಿಯಲ್ಲಿ
ಒರೆಸುಕೋಲಿನ ತುದಿಗೆ ತಲೆ ಸಿಕ್ಕಿಸಿ ಒಣಗಹಾಕಿದ್ದೆ.
ಪಕ್ಕದ ಕುಬೆಚ್ಕೋವಾ ಬಟ್ಟೆ ಹಿಂಡುತ್ತಿದ್ದವಳು ನಿಂತಳು.
"ನಾಯಿಯಾ?"
"ತೋಳ."
"ಕಚ್ಚತ್ತಾ?"
ಕಿವಿ ಮುಟ್ಟಿ ನೋಡಿದೆ.
"ಇನ್ನೂ ಒಣಗಿಲ್ಲ" ಅಂದೆ.