ತೂಕದ ಚೀಟಿ

ಸಮುದ್ರ ನಮ್ಮೂರಿಗೆ ಬರುವುದು ರಾತ್ರಿ ಎರಡೂವರೆಗೆ,
ಲಾರಿಯ ಹಿಂಬಾಗಿಲಿಂದ ಸೋರುತ್ತ.

ಉಳ್ಳಾಲದ ಹಮೀದಾಕ ಹಾರ್ನ್ ಹೊಡೆಯುವುದಿಲ್ಲ.
ಮುಂದಿನ ಗಾಲಿ ಹಲಗೆ ಹತ್ತಿದ ಸದ್ದಿಗೇ ನನಗೆ ಎಚ್ಚರ.
ಕಿಟಕಿಯಲ್ಲಿ ಕೆಂಪು ಅಂಕಿಗಳು
ಓಡಿ, ತಡವರಿಸಿ, ನಿಲ್ಲುತ್ತವೆ:
ಒಂಬತ್ತು ಸಾವಿರದ ಆರುನೂರ ನಲವತ್ತು.
"ಮಂಗಳೂರಲ್ಲಿ ಒಂಬತ್ತು ಎಂಟುನೂರು ಇತ್ತು ಮಾರಾಯ್ತಿ"
ಅನ್ನುತ್ತಾರೆ, ಪ್ರತಿ ಸಲ,
ಈಗಷ್ಟೇ ಕಳೆದುಕೊಂಡವರ ಹಾಗೆ.
ನೂರ ಅರವತ್ತು ಕೇಜಿ ಐಸು
ಹುಲಿಕಲ್ ತಿರುವಿನಲ್ಲೋ, ಹೊನ್ನಾಳಿ ಸೇತುವೆ ಮೇಲೋ
ಹೇಳದೆ ಕೇಳದೆ ಇಳಿದು ಹೋಗಿದೆ.
ಸರಕು ಅನ್ನುವ ಕಡೆ ಬಂಗುಡೆ ಎಂದು ಒತ್ತುತ್ತೇನೆ.
ನೀರಿಗೆ ಕಾಲಂ ಇಲ್ಲ.

ನಾನು ಸಮುದ್ರ ನೋಡಿಲ್ಲ.
ತೂಗಿದ್ದೇನೆ.

ಬೆಳಕು ಹರಿದರೆ ಮೆಕ್ಕೆಜೋಳದ ಸಾಲು,
ಇಪ್ಪತ್ತೆಂಟು ಟನ್ನು, ಹಡಗು ಹತ್ತಲು.
ಎದುರಿಂದ ಹಡಗಿಳಿದ ಪಾಮಾಯಿಲ್ ಟ್ಯಾಂಕರು,
ಸಂಜೆಗೆ ರಾಮ್ ಅಂಡ್ ಕೋ ಸರ್ಕಲ್ಲಿನ
ಮಿರ್ಚಿ ಬಾಣಲೆಯಲ್ಲಿ ಕುದಿಯಬೇಕು ಅದು.
ಹೊಸ ನರ್ಸಿಂಗ್ ಕಾಲೇಜಿಗೆ ಇನ್ನೂರು ಮಂಚ,
ಅವುಗಳ ಮೇಲೆ ಅಂಗಾತ ಮಲಗಿದ ಕ್ಲೀನರು.
ಮಂಡಕ್ಕಿ ಲೋಡು ಮಾತ್ರ
ಮನೆಯಷ್ಟೆತ್ತರ ಓಲಾಡಿಕೊಂಡು ಬಂದರೂ
ಅಂಕಿಗೆ ನಂಬಿಕೆಯೇ ಇಲ್ಲ.
"ಹಗುರ ಅಂತೀಯಲ್ಲ, ಭಟ್ಟಿ ಮುಂದ ಒಂದು ತಾಸು ನಿಲ್ಲು ಬಾ"
ಚೀಟಿ ಕಸಿಯುತ್ತ ಅನ್ನುತ್ತಾಳೆ ಬಾಷಾನಗರದ ಖಮರುನ್ನಿಸಾ.
ಕಾದ ಮರಳು ಆಡಿಸಿ ಆಡಿಸಿ
ಅವಳ ಮೊಣಕೈವರೆಗೆ ಒಂದು ರೋಮ ಉಳಿದಿಲ್ಲ.

ಮಿಲ್ಲಿನ ಕೊನೆಯ ಶೆಡ್ಡು ಬಿಚ್ಚಿದ ವಾರ
ಅಪ್ಪ ಬುತ್ತಿ ತಂದಿದ್ದರು.
ಹಲಗೆಯ ಮೇಲೆ ಗುಜರಿ ಲಾರಿ.
ಹಗ್ಗದ ಸಂದಿಯಲ್ಲಿ ಕೈ ತೂರಿಸಿ,
"ಇದು ನಮ್ಮ ಹನ್ನೊಂದನೇ ನಂಬರಲ್ಲೇನ?
ಈ ಬೆಸುಗೆ ನಾನ ನಿಂತು ಹಾಕಿಸಿದ್ದು" ಅಂದರು.
ಹಲಗೆ ಮೇಲೆ ಯಾರೂ ನಿಲ್ಲಬೇಡಿ ಎಂದು
ದಿನಕ್ಕೆ ನಲವತ್ತು ಸಲ ಮೈಕಿನಲ್ಲಿ ಕೂಗುತ್ತೇನೆ.
ಅವತ್ತು ಕೂಗಲಿಲ್ಲ.
ಅಂಕಿ ನಿಂತಿತು. ಒತ್ತಿದೆ.
ಕಬ್ಬಿಣದ ದರಕ್ಕೆ ಐವತ್ತು ಕೇಜಿ ಅಪ್ಪ
ಗುಜರಿಯವನ ಲೆಕ್ಕಕ್ಕೆ ಸೇರಿ ಹೋದರು.
ಆಮೇಲೆ ಡಬ್ಬಿ ಕೊಟ್ಟು, ಜಿಡ್ಡಿನ ಕೈ ಪಂಚೆಗೆ ಒರೆಸಿ,
"ಪಲ್ಯ ಆರೋದರಾಗ ಉಣ್ಣು" ಎಂದು
ಸಿಟಿ ಬಸ್ಸು ಹತ್ತಿದರು.

ಮೊನ್ನೆ ಹುಬ್ಬಳ್ಳಿಯಿಂದ ಸರ್ವೀಸಿನ ಹುಡುಗ
ಹಲಗೆಯ ಅಡಿ ತೂರಿ, ಟಾರ್ಚು ಬಿಟ್ಟು ಕೂಗಿದ:
"ಯಕ್ಕಾ, ಇದು ಬಂದರದಾಗ ಹಿಡಿಯೋ ತುಕ್ಕು,
ಕಾರವಾರದಾಗ ನೋಡೀನಿ. ಇಲ್ಲಿ ಹ್ಯಾಂಗ ಬಂತಿದು?"
ರಾತ್ರಿ ಎರಡೂವರೆ ತನಕ ಇರು, ತೋರಿಸುತ್ತೇನೆ ಅಂದೆ.
ಅವನಿಗೆ ಐದರ ಬಸ್ಸು.
ಬಿಲ್ಲಿನಲ್ಲಿ ಸವೆತ ಎಂದು ಬರೆದು
ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಹಾಕಿದ.