ಒಂದು ಗೇಣು

ಚೋಂಚಿಯ ಏರುಬೀದಿಯಲ್ಲಿ ಎರಡು ಮನೆ,
ಒಂದೇ ಉದ್ದನೆಯ ಸೂರು, ಒಂದೇ ತಗಡಿನ ದಂಬೆ.
ಆ ಕಡೆ ಓರ್ಫೆಲಿನಾ, ಈ ಕಡೆ ಒಬ್ದೂಲಿಯೊ.
ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿಕಳಿಸಿದ್ದರು,
ಒಂದೇ ಸೋಮವಾರ, ಒಂದೇ ಹೊತ್ತಿಗೆ.
ಏಪ್ರಿಲ್ ತಿಂಗಳು. ನಮ್ಮ ದ್ವೀಪಕ್ಕೆ ದೊಡ್ಡ ಮಳೆ ಬರಲು
ಇನ್ನು ಮೂರು ವಾರ.

ನಾನು ತಗಡಿನ ಕೆಲಸದವಳು.
ಕತ್ತರಿ ಅಪ್ಪನದು, ಏಣಿ ಅಪ್ಪನದು,
ಮಂಡಿನೋವು ಮಾತ್ರ ಸ್ವಂತ ಸಂಪಾದನೆ.

ಏಣಿ ಹಾಕುವ ಮೊದಲು ನೆಲ ನೋಡು, ಅನ್ನುತ್ತಿದ್ದ ಅಪ್ಪ,
ಮೇಲಿನ ಕಾಯಿಲೆ ಕೆಳಗೆ ಬರೆದಿರುತ್ತದೆ.
ನೋಡಿದೆ. ಸೂರಿನ ನೇರಕ್ಕೆ ಮಣ್ಣು ಕೊರೆದಿತ್ತು,
ಹೆಬ್ಬೆರಳು ಪೂರ್ತಿ ಇಳಿಯುವಷ್ಟು.
ಗೋಡೆಯ ಮರದ ಬಿಲ್ಲೆಗಳ ಮೇಲೆ
ಚಹಾ ಚೆಲ್ಲಿ ಒರೆಸದೆ ಬಿಟ್ಟಂಥ ಕಂದು ಜಾಡು.
ಕಿಟಕಿಯ ನೀಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿ
ಮುಟ್ಟಿದರೆ ಪುಡಿ.
ದಂಬೆಯ ಹಿಂದಿನ ಹಲಗೆಗೆ ಚೂರಿ ಚುಚ್ಚಿದೆ:
ಬೆಂದ ಆಲೂಗಡ್ಡೆಗೆ ಹೋದಂತೆ ಹೋಯಿತು.

ಹನ್ನೊಂದು ವರ್ಷದ ಹಿಂದೆ ಒಂದು ಹಂದಿಮರಿಯ ವಿಷಯಕ್ಕೆ
ಮಾತು ಬಿಟ್ಟವರು ಇವರು.
ಹಂದಿಮರಿ ಯಾರದೆಂದು ಈಗ ಊರಲ್ಲಿ ಯಾರಿಗೂ ನೆನಪಿಲ್ಲ.
ದಂಬೆಯನ್ನು ಇಬ್ಬರೂ ತೊಳೆಯುತ್ತಾರೆ, ಸುಳ್ಳು ಹೇಳಬಾರದು.
ಅವಳು ತನ್ನ ಕಡೆಯಿಂದ ತನ್ನ ಗೋಡೆಯವರೆಗೆ,
ಅವನು ತನ್ನ ಕಡೆಯಿಂದ ತನ್ನ ಗೋಡೆಯವರೆಗೆ.
ನಡುವೆ ಒಂದು ಗೇಣು ಯಾರದ್ದೂ ಅಲ್ಲ.
ಅಲ್ಲೇ ಎಲ್ಲ ಇತ್ತು:
ಸೇಬಿನ ಎಲೆ ಕೊಳೆತು ಗೊಬ್ಬರವಾಗಿ,
ಅದರಲ್ಲಿ ಪಾಚಿ ಹಿಡಿದು, ಪಾಚಿಯಲ್ಲಿ ಜರಿಗಿಡ ಹುಟ್ಟಿ,
ಜರಿಗಿಡದ ಬುಡದಲ್ಲಿ ಹಕ್ಕಿಯೊಂದರ ಹಳೇ ಗೂಡು.
ಭಾರಕ್ಕೆ ಕೊಕ್ಕೆ ಬಾಗಿ, ಬೆಸುಗೆ ಬಾಯಿಬಿಟ್ಟು,
ನೀರು ಸದ್ದಿಲ್ಲದೆ ಹಲಗೆಯ ಬೆನ್ನಿಗೆ ಹೋಗಿತ್ತು.
ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನುತ್ತಾರಲ್ಲ,
ಇಲ್ಲಿ ಮೂರನೆಯವರು ನೀರು.
ಉಗುರಲ್ಲಿ ಹೋಗುತ್ತಿದ್ದ ಕಸಕ್ಕೆ
ಈಗ ಕೊಡಲಿ ಬೇಕು.

ಹೊಸ ತಗಡು ಹಿಡಿಯಲು ಎರಡು ತುದಿಗೆ ಇಬ್ಬರು ಬೇಕೆಂದೆ.
ಬಂದರು. ನನ್ನ ಮುಖ ನೋಡಿಯೇ ಮಾತು:
"ಮೇಲೆತ್ತಬೇಕಂತೆ, ಅವನಿಗೆ ಹೇಳು."
"ಎತ್ತಿದ್ದೀನಿ, ಅವಳಿಗೆ ಕಾಣಲ್ವಾ ಕೇಳು."
ನಾನು ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದೆ,
ಯಾರಿಗೂ ಏನೂ ಹೇಳಲಿಲ್ಲ.

ಕೊನೆಗೆ ಇಳಿಜಾರಿನ ಪ್ರಶ್ನೆ. ಇಲ್ಲಿಯವರೆಗೆ ನೀರೆಲ್ಲ
ಒಬ್ದೂಲಿಯೊನ ಮೂಲೆಗೇ ಇಳಿಯುತ್ತಿತ್ತು.
ಅವಳ ನೀರು ನನಗೇಕೆ, ಅಂದ.
ನನ್ನ ನೀರು ಅವನಿಗೇಕೆ, ಅಂದಳು.
ದಾರ ಕಟ್ಟಿ, ರಸಮಟ್ಟ ಇಟ್ಟು
ನಡುವನ್ನೇ ಎತ್ತರ ಮಾಡಿದೆ,
ಮಾರಿಗೆ ಅರ್ಧ ಬೆರಳಿನಂತೆ ಎರಡೂ ಕಡೆಗೆ ಇಳಿಸಿದೆ.
ಎರಡು ಕೊನೆಗೆ ಎರಡು ಕೊಳವೆ, ಬಾಯಿಗೆ ತಂತಿಬಲೆ,
ಕೆಳಗೆ ಗೋಡೆಯಿಂದ ದೂರ ಹಾಯಿಸುವ ಕಲ್ಲುಹಾಸು.
ಒದ್ದೆ ತಗಡಿಗೆ ಬೆಸುಗೆ ಹಿಡಿಯದು,
ಬಿಸಿಲಿರುವಾಗಲೇ ಮುಗಿಸಿದೆ.

ಒಳ್ಳೆಯ ಕೆಲಸ. ಆದರೂ ಏಣಿ ಹೊತ್ತು ಇಳಿಯುವಾಗ
ಏನೋ ಕಚ್ಚುತ್ತಿತ್ತು:
ಇನ್ನು ಇವರಿಗೆ ಒಬ್ಬರಿಂದೊಬ್ಬರಿಗೆ
ಹನಿ ನೀರಿನ ಹಂಗೂ ಇಲ್ಲ.

ದಂಬೆಯನ್ನು ಬಿಸಿಲಲ್ಲಿ ಪರೀಕ್ಷಿಸುವವರು ದಡ್ಡರು.
ಜೂನಿನ ಒಂದು ಜಡಿಮಳೆಯಲ್ಲಿ ಹೋದೆ,
ಸೂರಿನ ಕೆಳಗೆ ಕತ್ತೆತ್ತಿ ನಿಂತೆ.
ಹಲಗೆ ಒಣಗಿತ್ತು. ಎರಡು ಕೊಳವೆ
ಎರಡು ದನಿಯಲ್ಲಿ ಗೊಣಗುತ್ತಿದ್ದವು.
ಒಬ್ದೂಲಿಯೊ ಆ ಮಳೆಯಲ್ಲೇ ಏಣಿಯ ಮೇಲಿದ್ದ,
ಎಲೆ ಬಾಚುತ್ತಿದ್ದ,
ತನ್ನ ಗೋಡೆ ದಾಟಿ, ಆ ಒಂದು ಗೇಣನ್ನೂ ದಾಟಿ.

ಕೈ ಉದ್ದವಿರಬಹುದು.
ನಾನು ಕೂಗಿ ಮಾತಾಡಿಸಲಿಲ್ಲ.