ಏಳು ಸೆಕೆಂಡು

ಹೊಸನಗರದಿಂದ ಮತಯಂತ್ರ ಹೊತ್ತು ಬಂದ ಬಸ್ಸು
ಹಳ್ಳದ ಈಚೆಗೇ ನಿಂತಿತು.
ಕಾಲುಸಂಕ ಹೋದ ಮಳೆಗೇ ಹೋಗಿತ್ತಂತೆ.
ಬೇಸಿಗೆಯಾದ್ದರಿಂದ ಬಚಾವು; ಯಂತ್ರವನ್ನು
ಹಸುಗೂಸಿನ ಹಾಗೆ ಎದೆಗವಚಿಕೊಂಡು
ಮೊಣಕಾಲು ನೀರಲ್ಲಿ ದಾಟಿದೆವು.
ನಾನು ಶಾಯಿ ಹಚ್ಚುವವನು. ಉಳಿದ ದಿನಗಳಲ್ಲಿ
ಶಿಕಾರಿಪುರದಲ್ಲಿ ಗಣಿತದ ಮೇಷ್ಟ್ರು.

ಮುನ್ನೂರ ಹನ್ನೊಂದು ಮತ, ಶಾಲೆಯ ಒಂದೇ ಕೋಣೆ.
ಹತ್ತೂವರೆಗೆ ಕನ್ನಮ್ಮ ಬಂದಳು.
ಎಡಗೈ ಚಾಚಿ,
ಶಾಯಿ ಒಣಗಲಿ ಎಂಬ ನೆಪದಲ್ಲಿ ಶುರುಮಾಡಿದಳು:

"ಮೊನ್ನೆ ಅವ್ರೇ ಫೋನು ಮಾಡಿದ್ರು ಮಾರಾಯ್ರೆ.
ಸಿಗ್ನಲ್ಲು ಸಿಗೋ ಬಂಡೆ ಹತ್ರ
ಸೌದೆ ಹೊರೆ ಇಳಿಸಿ ಕೂತಿದ್ದೆ.
ಕನ್ನಮ್ಮನೋರೇ ಆರಾಮಾ, ಅಂದ್ರು.
ನನ್ನ ಹೆಸರು ಹಿಡಿದು!
ಪಂಚಾಯ್ತಿ ಕಾರ್ಯದರ್ಶಿಗೆ ಇವತ್ತಿಗೂ ನಾನು 'ಏಯ್ ಇವ್ಳೇ'.
ಹೇಳಿದೆ ಎಲ್ಲಾ. ಸಂಕ ಇಲ್ದೆ
ಮಳೆಗಾಲ ಪೂರ್ತಿ ಮಕ್ಳು ಶಾಲೆಗೆ ಹೋಗ್ಲಿಲ್ಲ,
ತಿಮ್ಮಪ್ಪನ ಹೆಂಡ್ತೀನ ನೋವು ತಿನ್ನೋವಾಗ
ಕಂಬಳಿಗೆ ಕಟ್ಟಿ ಹೊತ್ತದ್ದು...
ಅವ್ರು ಮಾತಾಡ್ತಾನೇ ಇದ್ರು, ನಾನೂ ನಿಲ್ಸಲಿಲ್ಲ.
ಕೊನೀಗೆ ಧನ್ಯವಾದ ಅಂದ್ರು.
ಕೇಳಿಸ್ಕಂಡಿರ್ತಾರೆ, ಅಲ್ದಾ?"

ಏಜೆಂಟರಿಬ್ಬರೂ ತಲೆ ತಗ್ಗಿಸಿದರು.
ಬೂತಿನಲ್ಲಿ ಇಂಥ ಮಾತು ಕೂಡದೆಂದು
ದೊಡ್ಡ ಅಧಿಕಾರಿ ಕೆಮ್ಮಿದರು.

ಯಾವುದೋ ಯಂತ್ರ ಒಂದು ಗಂಟಲನ್ನು ಕಡ ತಂದು
ಎರಡು ಲಕ್ಷ ಹೆಸರುಗಳನ್ನು
ಒಂದೇ ಮಧ್ಯಾಹ್ನ ಕೂಗಿ ಮುಗಿಸಿತ್ತೆಂದು,
ಅದಕ್ಕೆ ಬಾಯುಂಟು, ಕಿವಿಯಿಲ್ಲವೆಂದು
ಅದೇ ಹೆಸರುಗಳ ಪಟ್ಟಿಯ ಪಕ್ಕ ಕೂತ
ನಾನು ಹೇಗೆ ಹೇಳಲಿ?
ನನಗೂ ಬಂದಿತ್ತು ಕರೆ.
ಉತ್ತರಪತ್ರಿಕೆ ತಿದ್ದುತ್ತಿದ್ದವನು
'ಮೇಷ್ಟ್ರೇ' ಅಂದದ್ದೇ ತಡ
ಎದ್ದು ನಿಂತಿದ್ದೆ.

ಕನ್ನಮ್ಮ ರಟ್ಟಿನ ಮರೆಗೆ ಹೋದಳು.
ಬೀಪ್ ಅಂತು.
ಗಾಜಿನ ಹಿಂದೆ ಚೀಟಿ ಕಾಣುವುದು ಏಳು ಸೆಕೆಂಡು,
ಆಮೇಲೆ ಕತ್ತರಿಸಿ ಬೀಳುತ್ತದೆ.
ನಾನು ಎಣಿಸುತ್ತಿದ್ದೆ, ಹಾಳು ಅಭ್ಯಾಸ.
ಎಂಟು. ಹನ್ನೆರಡು. ಇಪ್ಪತ್ತು.
ಬಾಗಿಲಾಚೆ ಸಾಲು ಗೊಣಗಿತು.
"ಆಯ್ತೇನಮ್ಮಾ?"
"ನಿಲ್ರಿ ಸ್ವಲ್ಪ," ಮರೆಯಿಂದ ದನಿ,
"ಸಂಕದ್ದು ಇದಕ್ಕೂ ಒಂದ್ಮಾತು ಹೇಳ್ತಿದೀನಿ."

ಯಾರೂ ನಗಲಿಲ್ಲ.

ಸಂಜೆ ಅರಗು ಕರಗಿಸಿ, ಮೊಹರು ಒತ್ತಿ,
ಬ್ಯಾಟರಿ ಬೆಳಕಲ್ಲಿ ಮತ್ತೆ ಹಳ್ಳಕ್ಕಿಳಿದೆವು.
ನಡುಹಳ್ಳದಲ್ಲಿ ಪಾಚಿಗೆ ನನ್ನ ಕಾಲು ಜಾರಿತು.
ರಟ್ಟೆ ಹಿಡಿದು ನಿಲ್ಲಿಸಿದವನು
ಬೆಳಗಿಂದ ತುಟಿ ಬಿಚ್ಚದ ಏಜೆಂಟ್ ಹುಡುಗ.
"ಹುಷಾರು ಮೇಷ್ಟ್ರೇ," ಅಂದ,
"ಒಳಗೆ ಕನ್ನಕ್ಕ
ಇನ್ನೂ ಮಾತಾಡ್ತಾ ಇದಾಳೆ."